ದನ ಮುಟ್ಟದ ವರ್ಷ

ಹೋದ ತಿಂಗಳು ದೇವನಹಳ್ಳಿಯಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಸರದಿಗೆ ಕಾಯುತ್ತಾ ಕೂತಿದ್ದಾಗ ಒಳಗಿನ ಕೋಣೆಯಲ್ಲಿ ಯಾರೋ ಆಟೋಕ್ಲೇವಿನ ಮುಚ್ಚಳ ತೆಗೆದರು. ಉಪಕರಣಗಳನ್ನು ಹಬೆಯಲ್ಲಿ ಬೇಯಿಸುವ ಆ ಪಾತ್ರೆಯಿಂದ ಬೆಂದ ಬಟ್ಟೆ, ಬೆಂದ ರಬ್ಬರು, ಸ್ವಲ್ಪ ಕಮರಿದ ಕಾಗದ ಎಲ್ಲ ಸೇರಿದ ವಾಸನೆ ಹೊರಗೆ ಬಂತು. ಹಲ್ಲುನೋವೇ ಮರೆತುಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನೋವು ಇದ್ದೇ ಇತ್ತು. ಅದರ ಜೊತೆಯಲ್ಲೇ ದೊಡ್ಡಬಳ್ಳಾಪುರದ ಹೊರಗಿದ್ದ ಆ ಲಸಿಕೆ ಕಾರ್ಖಾನೆ, ಅದರ ತೊಳೆಯುವ ಕೋಣೆ, ಬೋರಲು ಹಾಕಿದ ಗಾಜಿನ ಬಾಟಲಿಗಳ ಸಾಲು ಎದುರಿಗೆ ಬಂದು ನಿಂತವು.

ಮನೆಗೆ ಬಂದು ಆ ವರ್ಷದ ದಿನಚರಿ ಹುಡುಕಿ ತೆಗೆದೆ. ಬರೀ ನೆನಪನ್ನು ನಂಬಿ ಬರೆಯುವ ಧೈರ್ಯ ನನಗಿಲ್ಲ. ಹಾಗೆಂದು ದಿನಚರಿಯೂ ಹೆಚ್ಚೇನೂ ಹೇಳುವುದಿಲ್ಲ. ಎಷ್ಟು ಬಾಟಲಿ ತುಂಬಿಸಿದೆ, ಯಾವುದು ಕೆಟ್ಟಿತು, ಯಾವ ದಿನ ಕರೆಂಟು ಹೋಯಿತು ಎಂಬುದೆಲ್ಲ ಅಚ್ಚುಕಟ್ಟಾಗಿ ಇದೆ. ಅತ್ತಿಗೆಯ ಹೆಸರು ಇಡೀ ವರ್ಷದಲ್ಲಿ ನಾಲ್ಕೇ ಕಡೆ ಬರುತ್ತದೆ. ಈಗ ಆ ವರ್ಷ ಎಂದರೆ ನನಗೆ ಅತ್ತಿಗೆಯೇ. ಇಪ್ಪತ್ಮೂರರ ಹುಡುಗಿ ಬರೆದದ್ದು ನಿಜವೋ, ಈಗ ಕೂತು ನೆನೆಸಿಕೊಳ್ಳುತ್ತಿರುವವಳದು ನಿಜವೋ, ತೀರ್ಮಾನ ಮಾಡದೆಯೇ ಬರೆಯುತ್ತೇನೆ.

ನಮ್ಮೂರು ಕುಂದಾಣದಿಂದ ಒಳಗೆ. ಅಮ್ಮ ತೀರಿಕೊಂಡಾಗ ನಾನು ಹೈಸ್ಕೂಲಿನಲ್ಲಿದ್ದೆ. ಅಪ್ಪ ಅದಕ್ಕೂ ಮೊದಲೇ ಇರಲಿಲ್ಲ. ಅಣ್ಣ ಹೊಲ ನೋಡಿಕೊಂಡರೆ ಅತ್ತಿಗೆ ಜಯಮ್ಮ ಹಸು ನೋಡಿಕೊಂಡು, ಡೈರಿಗೆ ಹಾಲು ಹಾಕಿ, ನನ್ನನ್ನು ಬೆಂಗಳೂರಿನಲ್ಲಿ ಎಂ.ಎಸ್ಸಿ. ತನಕ ಓದಿಸಿದಳು. ಓದು ಮುಗಿದ ಮೊದಲ ಮಳೆಗಾಲದಲ್ಲೇ ಈ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ದನಗಳ ಕಾಲುಬಾಯಿ ಜ್ವರಕ್ಕೆ ಲಸಿಕೆ ಮಾಡುವ ಜಾಗ. ಮನೆಯಿಂದ ಒಂದೂವರೆ ಗಂಟೆ ಬಸ್ಸು. ದಿನಾ ಹೋಗಿ ಬರಬಹುದು ಎಂದು ಅತ್ತಿಗೆ ಆಗಲೇ ಟಿಫಿನ್ ಡಬ್ಬಿಯನ್ನೂ ಕೊಂಡಿದ್ದಳು.

ಸಂದರ್ಶನದಲ್ಲಿ ಮೂರ್ತಿ ಸರ್, ಅಂದರೆ ನಮ್ಮ ವಿಭಾಗದ ಮುಖ್ಯಸ್ಥರು, ಕೇಳಿದ ಮೊದಲ ಪ್ರಶ್ನೆಯೇ ಅದಕ್ಕೆ ಅಡ್ಡ ಬಂತು.

"ಮನೇಲಿ ದನ ಇದ್ಯೇನಮ್ಮ?"

"ಇದೆ ಸರ್. ಒಂದು ಸೀಮೆಹಸು, ಒಂದು ಜೊತೆ ಎತ್ತು."

"ಹಾಗಾದ್ರೆ ಮನೇಲಿರೋಕಾಗಲ್ಲ."

ರೋಗದ ವೈರಸ್ಸನ್ನು ಬೆಳೆಸಿ, ಕೊಂದು, ಅದರಿಂದ ಲಸಿಕೆ ಮಾಡಬೇಕು. ಬೆಳೆಸುವ ಜಾಗದಿಂದ ಅದು ನಮ್ಮ ಬಟ್ಟೆಯಲ್ಲಿ, ಚಪ್ಪಲಿಯಲ್ಲಿ, ಮೂಗಿನಲ್ಲಿ ಕೂತು ಹೊರಗೆ ಹೋಗಬಹುದು. ಮನುಷ್ಯರಿಗೆ ಏನೂ ಆಗುವುದಿಲ್ಲ. ಗೊರಸು ಸೀಳಿರುವ ಪ್ರಾಣಿ ಸಿಕ್ಕರೆ ಹಿಡಿಯುತ್ತದೆ. ಆದ್ದರಿಂದ ಅಲ್ಲಿ ಕೆಲಸ ಮಾಡುವವರು ಗೇಟು ದಾಟಿದ ಮೇಲೆ ಐದು ದಿನ ದನ, ಎಮ್ಮೆ, ಕುರಿ, ಮೇಕೆ, ಹಂದಿ ಯಾವುದರ ಹತ್ತಿರವೂ ಹೋಗಬಾರದು. ವಾರಕ್ಕೆ ಆರು ದಿನ ಕೆಲಸ ಮಾಡುವವರಿಗೆ ಆ ಐದು ದಿನ ಮುಗಿಯುವುದೇ ಇಲ್ಲ. ದಿನಾ ಸಂಜೆ ಹೊಸದಾಗಿ ಶುರುವಾಗುತ್ತದೆ. ಊರಿಗೆ ಹೋಗಬೇಕೆಂದರೆ ರಜ ಹಾಕಿ, ಐದು ದಿನ ಬೇರೆಲ್ಲೋ ಇದ್ದು, ಆಮೇಲೆ ಹೋಗಬೇಕು.

ಗೇಟಿನಲ್ಲಿ ಒಂದು ರಿಜಿಸ್ಟರ್ ಇತ್ತು. ಬೆಳಿಗ್ಗೆ ಬಂದ ಕೂಡಲೇ ಅದರಲ್ಲಿ ಸಹಿ ಹಾಕಬೇಕು. ಪ್ರತಿ ಹಾಳೆಯ ತಲೆಯ ಮೇಲೂ ಒಂದೇ ಸಾಲು: 'ಇಲ್ಲಿಂದ ಹೊರಗೆ ಹೋದ ಮೇಲೆ ದನಕರು ಇರುವ ಜಾಗಕ್ಕೆ ಹೋಗಿಲ್ಲ, ಮುಟ್ಟಿಲ್ಲ.' ರಿಜಿಸ್ಟರ್ ನೋಡಿಕೊಳ್ಳುತ್ತಿದ್ದ ನಂಜುಂಡಪ್ಪ ಸಾಸಲು ಕಡೆಯವರು. ಅವರು ಇದಕ್ಕೆ ಸೂತಕ ಎಂದೇ ಹೆಸರಿಟ್ಟಿದ್ದರು. ಮ್ಯಾನೇಜರಿಂದ ಹಿಡಿದು ಬಾಟಲಿ ತೊಳೆಯುವವರವರೆಗೆ ಎಲ್ಲರ ಬಾಯಲ್ಲೂ ಅದೇ ಮಾತು.

"ಏನಮ್ಮಾ ಶಾರದಮ್ಮ, ಸೂತಕ ಸರಿಯಾಗಿ ನಡೀತೈತಾ?"

"ನಡೀತಿದೆ ನಂಜುಂಡಪ್ಪೋರೆ."

"ಸತ್ತೋರ ಮನೆಗೆ ಹನ್ನೊಂದು ದಿನ, ನಮ್ಗೆ ಐದೇ ದಿನ. ಕಂಪ್ನಿಯೋರು ದೊಡ್ಡ ಮನಸ್ಸು ಮಾಡವ್ರೆ."

ದನ ಇಲ್ಲದ ಮನೆ ಹುಡುಕಿ ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಒಂದು ಕೋಣೆ ಹಿಡಿದೆ. ಕೆಳಗೆ ನಾಲ್ಕು ವಿದ್ಯುತ್ ಮಗ್ಗ, ಮೇಲೆ ನಾನು. ಮಗ್ಗ ನಡೆಯುತ್ತಿದ್ದಷ್ಟು ಹೊತ್ತೂ ನನ್ನ ಮಂಚ ಸಣ್ಣಗೆ ನಡುಗುತ್ತಿತ್ತು. ಮನೆಯ ಒಡತಿ ರತ್ನಮ್ಮ ಸೀರೆ ಮಡಿಸುತ್ತಾ ಬಾಗಿಲಲ್ಲೇ ಕೂತಿರುತ್ತಿದ್ದರು. ಬೀದಿಯಲ್ಲಿ ಒಂದು ಬಿಡಾಡಿ ಹಸು ಬೆಳಗಿನ ಹೊತ್ತು ಮನೆಮನೆ ಮುಂದೆ ನಿಲ್ಲುವುದು. ಅದು ಬಂದರೆ ನಾನು ಎದುರು ಬದಿಯ ಜಗಲಿ ಹತ್ತುತ್ತಿದ್ದೆ. ರತ್ನಮ್ಮ ಒಂದು ವಾರ ನೋಡಿದರು. ಆಮೇಲೆ ಮಗ್ಗದವರಿಗೆಲ್ಲ ಕೇಳುವ ಹಾಗೆ ಹೇಳಿದರು:

"ರೈತರ ಮನೆ ಹುಡುಗಿ ಅಂತ ಬಾಡಿಗೆಗೆ ಕೊಟ್ಟೆ ಕಣ್ರೇ. ಇದು ನೋಡಿದ್ರೆ ಹಸು ಕಂಡ್ರೆ ಹುಲಿ ಕಂಡಂಗೆ ಓಡ್ತೈತೆ!"

ಕಾರಣ ಹೇಳಿದೆ. ಅವರಿಗೆ ನಂಬಿಕೆ ಬರಲಿಲ್ಲ. ಹೆದರುಪುಕ್ಕಲಿ ಎಂದೇ ಕೊನೆಯವರೆಗೂ ತಿಳಿದಿದ್ದರು.

ನನ್ನ ಕೆಲಸ ಸೆಲ್ ರೂಮಿನಲ್ಲಿ. ಅಲ್ಲಿ ವೈರಸ್ಸು ಇರಲಿಲ್ಲ. ಅದು ಗೋಡೆಯ ಆ ಕಡೆ. ಈ ಕಡೆ ನಾವು ಬೆಳೆಸುತ್ತಿದ್ದದ್ದು ಹ್ಯಾಮ್‌ಸ್ಟರಿನ ಜೀವಕೋಶಗಳನ್ನು. ಹ್ಯಾಮ್‌ಸ್ಟರ್ ಎಂದರೆ ಇಲಿಯನ್ನು ಹೋಲುವ, ಮೋಟು ಬಾಲದ, ಕೆನ್ನೆಯಲ್ಲಿ ಕಾಳು ತುಂಬಿಟ್ಟುಕೊಳ್ಳುವ ಸಣ್ಣ ಪ್ರಾಣಿ. ನಾನು ಹುಟ್ಟುವ ಮುಂಚೆಯೇ, ದೂರದ ಯಾವುದೋ ದೇಶದಲ್ಲಿ, ಹುಟ್ಟಿ ಒಂದೇ ದಿನವಾಗಿದ್ದ ಮರಿಗಳ ಮೂತ್ರಪಿಂಡದಿಂದ ತೆಗೆದ ಕೋಶಗಳು ಅವು. ಮರಿಗಳು ಅಂದೇ ಸತ್ತವು. ಕೋಶಗಳು ಮಾತ್ರ ಒಡೆದು ಎರಡಾಗಿ, ನಾಲ್ಕಾಗಿ, ಬಾಟಲಿಯಿಂದ ಬಾಟಲಿಗೆ, ದೇಶದಿಂದ ದೇಶಕ್ಕೆ ಹೋಗುತ್ತಾ ದೊಡ್ಡಬಳ್ಳಾಪುರದವರೆಗೂ ಬಂದಿದ್ದವು. ಈ ವೈರಸ್ಸಿಗೆ ಅವು ಬಹಳ ಒಗ್ಗುತ್ತವೆ. ಬೆಚ್ಚನೆಯ ಕೋಣೆಯಲ್ಲಿ ಬಾಟಲಿಗಳು ಅಡ್ಡಡ್ಡ ಮಲಗಿ ನಿಧಾನಕ್ಕೆ ಉರುಳುತ್ತಿರುತ್ತಿದ್ದವು. ಒಳಗೆ ನಸುಗೆಂಪು ದ್ರಾವಣ. ಅದರಲ್ಲಿ ಕೋಶಗಳ ಆಹಾರವೆಂದು ಕಸಾಯಿಖಾನೆಯಿಂದ ತರಿಸಿದ ದನದ ರಕ್ತದ ತಿಳಿಯೂ ಬೆರೆತಿರುತ್ತಿತ್ತು. ಇದೊಂದನ್ನು ನಾನು ಮನೆಯಲ್ಲಿ ಹೇಳಲಿಲ್ಲ.

ಸೂಕ್ಷ್ಮದರ್ಶಕದ ಕೆಳಗೆ ಬಾಟಲಿ ಇಟ್ಟು ನೋಡಿದರೆ ಕೋಶಗಳು ಉದ್ದುದ್ದಕ್ಕೆ, ಒಂದರ ಪಕ್ಕ ಒಂದು, ಒಂದೇ ದಿಕ್ಕಿಗೆ ಮಲಗಿರುವುದು ಕಾಣುತ್ತಿತ್ತು. ಅಣ್ಣ ಕೂರಿಗೆಯಲ್ಲಿ ಬಿತ್ತಿದ ರಾಗಿ ಮೊಳೆತಾಗ ಹೊಲ ಕಾಣುವುದೂ ಹಾಗೆಯೇ. ಗಾಜಿನ ಮೇಲೆ ಜಾಗವೆಲ್ಲ ತುಂಬಿದ ಮೇಲೆ ಗೋಡೆಯಲ್ಲಿದ್ದ ಕಿಂಡಿಯಿಂದ ಬಾಟಲಿಗಳನ್ನು ಆ ಕಡೆಗೆ ದಾಟಿಸುತ್ತಿದ್ದೆವು. ಅಲ್ಲಿ ಅವಕ್ಕೆ ವೈರಸ್ಸು ಹಾಕುತ್ತಿದ್ದರು. ವಾರಗಟ್ಟಲೆ ಸಾಕಿದ್ದು ಒಂದೇ ದಿನದಲ್ಲಿ ಗಾಜು ಬಿಟ್ಟು ತೇಲುತ್ತಿತ್ತಂತೆ. ನಾನು ಅದನ್ನು ನೋಡಿಲ್ಲ. ಕಿಂಡಿ ಒಂದೇ ಕಡೆಗೆ ತೆರೆಯುತ್ತಿತ್ತು. ಮನುಷ್ಯರು ಮಾತ್ರ ಸಂಜೆ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಆ ಕಡೆಯವರೂ ಈ ಕಡೆಯವರೂ ಒಂದೇ ವ್ಯಾನಿನಲ್ಲಿ ದೊಡ್ಡಬಳ್ಳಾಪುರಕ್ಕೆ ಬರುತ್ತಿದ್ದೆವು.

ಶ್ರಾವಣದ ಒಂದು ಭಾನುವಾರ ಅತ್ತಿಗೆ ದೊಡ್ಡಬಳ್ಳಾಪುರಕ್ಕೆ ಬಂದಳು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ರಾಗಿಹಿಟ್ಟಿನ ಚೀಲ, ಹುರುಳಿಕಾಳು, ಒಂದು ಬಾಟಲಿ ತುಪ್ಪ. ಹೊರಗೆ ಜಡಿಮಳೆ. ಅವಳು ಕೈ ಹಿಡಿಯಲು ಬಂದಾಗ ನಾನು ಯೋಚಿಸದೆ ಒಂದು ಹೆಜ್ಜೆ ಹಿಂದೆ ಸರಿದೆ.

"ಯಾಕೇ? ನಾನೇನ್ ಹಸುವೇನೇ?"

"ಅಲ್ಲ ಅತ್ಗೆ. ನೀನು ಮನೆಗೋದ್ಮೇಲೆ ಹಾಲು ಕರೀತೀಯಲ್ಲ. ನನ್ ಮೈ ಮುಟ್ಟಿ…"

"ಸರಿ ಬಿಡವ್ವ. ಮುಟ್ಟಲ್ಲ. ಅಲ್ಲೇ ಕೂತ್ಕೊ." ಬೆಂಚಿನ ಆ ತುದಿಗೆ ಅವಳು, ಈ ತುದಿಗೆ ನಾನು. ನಡುವೆ ರಾಗಿಹಿಟ್ಟು. "ಕಾಗದ್ದಲ್ಲಿ ಅದೇನೋ ಇಲಿ ಅಂತ ಬರ್ದಿದ್ಯಲ್ಲ, ಹೆಗ್ಗಣ ಜಾತೀದಾ?"

"ಅಷ್ಟ್ ದೊಡ್ಡದಲ್ಲ. ಸುಂಡಿಲಿಗಿಂತ ಸ್ವಲ್ಪ ದಪ್ಪ. ಬಾಲ ಮೋಟು."

"ನೀನ್ ನೋಡಿದ್ಯಾ?"

"ಇಲ್ಲ. ಅಲ್ಲಿರೋದು ಅದರ ಕೋಶ ಮಾತ್ರ. ಪ್ರಾಣಿ ಇಲ್ಲ."

ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಮನೇಲಿರೋ ಹಸು ಮುಟ್ಟಂಗಿಲ್ಲ. ಕಣ್ಣಲ್ ಕಾಣ್ದಿರೋ ಇಲಿ ಸಾಕ್ತಾಳಂತೆ. ನಿಮ್ಮಣ್ಣಂಗೆ ಹೇಳ್ತೀನಿ ಇರು. ನಗಾಡ್ಕೊಂಡು ಎರಡು ಮುದ್ದೆ ಜಾಸ್ತಿ ಉಣ್ತಾರೆ."

ಇದು ದಿನಚರಿಯಲ್ಲಿ ಇಲ್ಲ. 'ಅತ್ತಿಗೆ ಬಂದಿದ್ದಳು. ತುಪ್ಪ' ಎಂದಷ್ಟೇ ಇದೆ. ಮಾತುಗಳು ನನ್ನ ಕಿವಿಯಲ್ಲಿ ಇರುವುದು ಹೀಗೆ.

ಕಾರ್ತಿಕದ ಹೊತ್ತಿಗೆ ರೋಗದ ಸುದ್ದಿ ಶುರುವಾಯಿತು. ಮೊದಲು ಹೊಸಕೋಟೆಯ ಆಚೆ, ಆಮೇಲೆ ಹತ್ತಿರ ಹತ್ತಿರ. ರಾಗಿ ಕೊಯ್ಲಿನ ಕಾಲ; ಎತ್ತುಗಳು ಊರಿಂದೂರಿಗೆ ಗಾಡಿ ಹೂಡಿಕೊಂಡು ಓಡಾಡುತ್ತವೆ, ರೋಗವೂ ಅವುಗಳ ಜೊತೆ ಹೋಗುತ್ತದೆ. ಪಶು ಇಲಾಖೆಯಿಂದ ಲಸಿಕೆ ಬೇಗ ಬೇಗ ಕೊಡಿ ಎಂದು ಒತ್ತಡ. ಸರಿಯಾಗಿ ಆಗಲೇ ನನ್ನ ಸೆಲ್‌ಗಳು ಕೈಕೊಟ್ಟವು.

ತಪ್ಪು ನನ್ನದೇ. ಕೋಶಗಳನ್ನು ಒಂದು ಬಾಟಲಿಯಿಂದ ಬಿಡಿಸಿ ಹೊಸ ಬಾಟಲಿಗಳಿಗೆ ಹಂಚುವುದನ್ನು ಇಂತಿಷ್ಟೇ ಸಲ ಮಾಡಬೇಕು. ಅದು ದಾಟಿದರೆ ಅವನ್ನು ಬಿಟ್ಟು, ದ್ರವ ಸಾರಜನಕದ ಕ್ಯಾನಿನಲ್ಲಿ ಹೆಪ್ಪುಗಟ್ಟಿಸಿ ಇಟ್ಟ ಹಳೆಯ ಕೋಶಗಳನ್ನು ಎಬ್ಬಿಸಿ ಮೊದಲಿಂದ ಶುರುಮಾಡಬೇಕು. ಅವಸರಕ್ಕೆ ಬಿದ್ದು, ಚೆನ್ನಾಗಿಯೇ ಬೆಳೆಯುತ್ತಿವೆಯಲ್ಲ ಎಂಬ ಧೈರ್ಯದಲ್ಲಿ ನಾನು ಮಿತಿ ಮೀರಿ ಹಂಚುತ್ತಾ ಹೋಗಿದ್ದೆ. ಒಂದು ದಿನ ನೋಡಿದರೆ ಸಾಲು ಕೆಟ್ಟಿದೆ. ಕೋಶಗಳು ಒಂದರ ಮೇಲೊಂದು ಗುಂಪುಗುಂಪಾಗಿ ಬಿದ್ದಿವೆ, ಎರಚಿ ಬಿತ್ತಿದ ಹೊಲದ ಹಾಗೆ. ಬೆಳೆಯುವುದೇನೋ ಬೆಳೆಯುತ್ತಿದ್ದವು. ವೈರಸ್ಸು ಮಾತ್ರ ಅವುಗಳಲ್ಲಿ ಸರಿಯಾಗಿ ಹತ್ತುತ್ತಿಲ್ಲವೆಂದು ಗೋಡೆಯ ಆ ಕಡೆಯಿಂದ ಫೋನು ಬಂತು.

ಮೂರ್ತಿ ಸರ್ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಹೇಳಿದರು: "ಸೆಲ್ಲು ಬದುಕಿದೆ ಅಂದ ಮಾತ್ರಕ್ಕೆ ಅದೇ ಸೆಲ್ಲು ಅಂದ್ಕೋಬಾರದು ಶಾರದಾ. ಹಳೇದಕ್ಕೆ ಹೋಗು."

ಎಲ್ಲವನ್ನೂ ಆಟೋಕ್ಲೇವಿಗೆ ಹಾಕಿ ಬೇಯಿಸಿದೆವು. ಕ್ಯಾನಿನಿಂದ ಬೆರಳುದ್ದದ ಸೀಸೆ ತೆಗೆದು, ಬೆಚ್ಚನೆ ನೀರಿನಲ್ಲಿ ಅಲುಗಿಸುತ್ತಾ ಕರಗಿಸಿದೆ. ಮೊದಲ ಮೂರು ದಿನ ಬಾಟಲಿಯಲ್ಲಿ ಏನೂ ಇಲ್ಲವೇನೋ ಅನ್ನಿಸಿತು. ನಾಲ್ಕನೆಯ ದಿನ ಅಲ್ಲೊಂದು ಇಲ್ಲೊಂದು ಕೋಶ ಗಾಜಿಗೆ ಕಾಲೂರಿ ಉದ್ದವಾಗಿತ್ತು. ಆದರೆ ಲಸಿಕೆ ನಾಲ್ಕು ವಾರ ತಡವಾಯಿತು. ನಮ್ಮೂರ ಕಡೆಗೆ ಹೋಗಬೇಕಾಗಿದ್ದ ಲಸಿಕೆಯೂ ಅದರಲ್ಲೇ ಸೇರಿತ್ತು.

ಆ ನಾಲ್ಕು ವಾರಗಳ ಒಳಗೇ ಒಂದು ಭಾನುವಾರ, ಹತ್ತು ಗಂಟೆಯ ಹೊತ್ತು, ನಮ್ಮೂರ ಮುನಿರಾಜು ಮೊಪೆಡ್ ತೆಗೆದುಕೊಂಡು ರತ್ನಮ್ಮನ ಬಾಗಿಲಿಗೆ ಬಂದ. ಅಣ್ಣನ ಸ್ನೇಹಿತ. ಮಗ್ಗದ ಸದ್ದಿನಲ್ಲಿ ಕಿರುಚಿಯೇ ಮಾತಾಡಿದ.

"ಶಾರದಕ್ಕಾ, ನಿಮ್ಮತ್ಗೆ ಕರ್ಕೊಂಬಾ ಅಂದ್ರು. ಹಸು ಬೆಳಗಿಂದ ಒದ್ದಾಡ್ತೈತೆ. ಕರುವಿನ ಒಂದು ಕಾಲು ಮಡಚ್ಕೊಂಡ್ಬಿಟ್ಟೈತೆ. ನಿಮ್ಮಣ್ಣನ ಕೈ ಒಳಕ್ಕೆ ಹೋಗ್ತಿಲ್ಲ."

"ಡಾಕ್ಟ್ರು?"

"ಅವ್ರೆಲ್ಲ ಕಾಲುಬಾಯಿ ಹಿಂದೆ ಬಿದ್ದವ್ರೆ. ಆಸ್ಪತ್ರೇಲಿ ಒಂದು ನರಪಿಳ್ಳೆ ಇಲ್ಲ."

ನನ್ನ ಕೈ ಚಿಕ್ಕದು. ಅಮ್ಮ ಇದ್ದಾಗ ಎರಡು ಸಲ ಹೀಗೆ ಸಿಕ್ಕಿಕೊಂಡ ಕರುವಿನ ಕಾಲು ನೆಟ್ಟಗೆ ಮಾಡಿದ್ದೆ. ಅಮ್ಮ ಪಕ್ಕದಲ್ಲಿ ನಿಂತು ಹೇಳಿಕೊಟ್ಟಿದ್ದಳು. ಕಾರ್ಖಾನೆಯಿಂದ ಬಂದು ಇನ್ನೂ ಒಂದು ರಾತ್ರಿ ಕಳೆದಿತ್ತಷ್ಟೇ. ಎಷ್ಟು ಹೊತ್ತು ಯೋಚಿಸಿದೆನೋ ಗೊತ್ತಿಲ್ಲ. ಬಹಳ ಯೋಚಿಸಿದೆ ಎಂದು ಈಗ ಅನ್ನಿಸುತ್ತದೆ. ಯೋಚಿಸದೆಯೇ ಹೊರಟಿದ್ದು, ಯೋಚಿಸಿದೆ ಎಂದು ಆಮೇಲೆ ಮನಸ್ಸೇ ಹೊಂದಿಸಿಕೊಂಡಿರಲೂಬಹುದು.

ಮುಖ್ಯವಾದದ್ದು ಮುಂದಿನದು. ನಾನು ಮತ್ತೆ ತಲೆಗೆ ನೀರು ಹಾಕಿಕೊಂಡೆ, ರತ್ನಮ್ಮನ ಹಳೆಯ ಸೀರೆ ಉಟ್ಟೆ. ಇಷ್ಟು ಖಚಿತ, ಯಾಕೆಂದರೆ ಆ ಸೀರೆ ಹಾಳಾದದ್ದಕ್ಕೆ ಆಮೇಲೆ ಅವರು ಬೈದದ್ದು ದಿನಚರಿಯಲ್ಲಿದೆ. ಚಪ್ಪಲಿ? ಒಂದು ನೆನಪಿನಲ್ಲಿ ನಾನು ಅವರ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಮೊಪೆಡ್ ಹತ್ತುತ್ತೇನೆ. ಇನ್ನೊಂದರಲ್ಲಿ, ದಿನಾ ವ್ಯಾನಿಗೆ ಹಾಕಿಕೊಂಡು ಹೋಗುತ್ತಿದ್ದ ನನ್ನ ಚಪ್ಪಲಿಯೇ ಕಾಲಲ್ಲಿದೆ. ಹೊಲಿಸಿದ ಬಾರು ಹೆಬ್ಬೆರಳಿಗೆ ಒತ್ತುತ್ತಿದೆ. ಎರಡೂ ಒಂದೇ ಸಮ ನಿಚ್ಚಳ. ಆ ಭಾನುವಾರವನ್ನು ಎಷ್ಟು ಸಲ ಹೊರಗೆ ತೆಗೆದು ನೋಡಿದ್ದೇನೋ ಲೆಕ್ಕವಿಲ್ಲ. ಮೂರ್ತಿ ಸರ್ ಸೆಲ್ಲಿನ ಬಗ್ಗೆ ಹೇಳಿದ್ದು ಇದಕ್ಕೂ ಸಲ್ಲಬಹುದು. ವ್ಯತ್ಯಾಸವೆಂದರೆ, ಇಲ್ಲಿ ಹೋಗಿ ನೋಡಲು ಹಳೆಯದೊಂದು ಸೀಸೆ ಇಲ್ಲ. ಆ ದಿನದ ಪುಟದಲ್ಲಿರುವುದು ಇಷ್ಟೇ: 'ಊರಿಗೆ ಹೋಗಿದ್ದೆ. ಕರು ಬದುಕಿತು.'

ಕೊಟ್ಟಿಗೆಯಲ್ಲಿ ಹಸು ಮಗ್ಗುಲಾಗಿ ಮಲಗಿತ್ತು. ಅತ್ತಿಗೆ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅಣ್ಣ ನನ್ನನ್ನು ನೋಡಿ ಏನೂ ಅನ್ನಲಿಲ್ಲ. ಬಿಸಿನೀರು, ಸೋಪು, ಹರಳೆಣ್ಣೆ ತಂದು ಪಕ್ಕಕ್ಕಿಟ್ಟು ದೂರ ನಿಂತ. ಹಸುವಿನ ಚಿಂತೆಯಲ್ಲಿದ್ದಾನೆ ಎಂದುಕೊಂಡೆ. ಮೊಣಕೈ ದಾಟಿ ಎಣ್ಣೆ ಹಚ್ಚಿಕೊಂಡೆ. ಐದು ತಿಂಗಳು ಬೀದಿಯ ಹಸುವಿಗೂ ದಾರಿ ಬಿಟ್ಟು ನಡೆದವಳ ತೋಳು ಈಗ ಹಸುವಿನ ಒಳಗಿತ್ತು. ಬಿಸಿ, ಬಿಗಿ. ನೋವು ಬಂದಾಗಲೆಲ್ಲ ಮೂಳೆ ಪುಡಿಯಾಗುವ ಹಾಗೆ ಅದುಮುತ್ತಿತ್ತು.

"ಸಿಕ್ತಾ?"

"ಮೂತಿ ಸಿಕ್ತು. ಒಂದು ಕಾಲಿದೆ. ಇನ್ನೊಂದು ಕಾಲು…"

"ನಿಧಾನ ಕಣೆ. ಅದಕ್ಕೆ ನೋವು ಬಂದಾಗ ಸುಮ್ನಿರು. ಬಿಟ್ಟಾಗ ಹುಡುಕು."

ಕರುವನ್ನು ಸ್ವಲ್ಪ ಹಿಂದಕ್ಕೆ ತಳ್ಳಿ, ಮಡಚಿದ ಮಂಡಿಯನ್ನು ಹುಡುಕಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿಕೊಂಡು ಮುಂದಕ್ಕೆ ತಂದೆ. ಮೆತ್ತನೆಯ, ಇನ್ನೂ ನೆಲ ಮುಟ್ಟದ ಗೊರಸು. ಆಮೇಲೆ ಅಣ್ಣ, ಮುನಿರಾಜು ಹಿಡಿದೆಳೆದರು. ಹೆಣ್ಣುಕರು. ಹಣೆಯಲ್ಲಿ ಬಿಳಿ. ಅತ್ತಿಗೆ ಅದರ ಮೂಗಿನ ಲೋಳೆ ತೆಗೆದು ಕಿವಿಗೆ ಊದಿದಳು. ಅದು ಸೀನಿತು. ಎಲ್ಲರೂ ಒಟ್ಟಿಗೆ ನಕ್ಕೆವು.

ಸೋಮವಾರ ಗೇಟಿನಲ್ಲಿ ನಂಜುಂಡಪ್ಪ ರಿಜಿಸ್ಟರ್ ಮುಂದಕ್ಕೆ ತಳ್ಳಿದರು. "ಹಾಕಮ್ಮ ಸೈನು. ಸೂತಕದೋರೆಲ್ಲ ಕ್ಯೂ ನಿಂತವ್ರೆ." ನಾನು ಸಹಿ ಹಾಕಿದೆ. ದಿನಾ ಹಾಕುವಷ್ಟೇ ಸಲೀಸಾಗಿ. ಅದೊಂದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಇಷ್ಟು ಸಲೀಸಾಗಬಾರದಿತ್ತಲ್ಲ ಎಂದು ಆಗಲೇ ಅನ್ನಿಸಿತ್ತು.

ಒಂಬತ್ತು ದಿನ ಕಳೆದ ಮೇಲೆ ಮುನಿರಾಜು ಮತ್ತೆ ಬಂದ. ಈ ಸಲ ಮೊಪೆಡ್ಡಿನಿಂದ ಇಳಿಯಲಿಲ್ಲ. ಊರಿನಲ್ಲಿ ಒಂದೇ ದಿನ ಮೂರು ಕೊಟ್ಟಿಗೆಯಲ್ಲಿ ದನಗಳ ಬಾಯಿಂದ ಜೊಲ್ಲು ಸುರಿಯಲು ಶುರುವಾಗಿತ್ತು. ಅದರಲ್ಲಿ ಒಂದು ನಮ್ಮದು. ಎತ್ತುಗಳು ಕಾಲೂರಲಾರದೆ ನಿಂತಿದ್ದವು. ಹಸು ಮೇವು ಬಿಟ್ಟಿತ್ತು, ಹಾಲು ಇಂಗಿತ್ತು. ಕರುವಿಗೆ ಬಾಯಲ್ಲಿ ಹುಣ್ಣೂ ಆಗಲಿಲ್ಲವಂತೆ. ಬೆಳಿಗ್ಗೆ ಕುಣಿದಾಡುತ್ತಿದ್ದದ್ದು ಮಧ್ಯಾಹ್ನ ಇದ್ದಕ್ಕಿದ್ದಂತೆ ಮಲಗಿಬಿಟ್ಟಿತು. ಈ ರೋಗ ಎಳೆಗರುಗಳ ಗುಂಡಿಗೆಗೆ ಹೋಗುತ್ತದೆ. ನಾನು ಅದನ್ನು ಪುಸ್ತಕದಲ್ಲಿ ಓದಿದ್ದೆ.

ಮೂವರಲ್ಲಿ ಮೊದಲು ಯಾರ ಕೊಟ್ಟಿಗೆ? ಅದನ್ನು ನಾನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಬಟ್ಟೆ ಬದಲಿಸುವ ಮುಂಚೆಯೇ ಮೂರ್ತಿ ಸರ್ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು.

"ಆ ಸೋಮವಾರ ಸೈನ್ ಮಾಡಿದ್ಯಾ?"

"ಮಾಡಿದೆ ಸರ್."

"ಬಾ." ಗೇಟಿಗೆ ಕರೆದುಕೊಂಡು ಹೋಗಿ, ರಿಜಿಸ್ಟರ್ ತೆಗೆಸಿ, ನನ್ನ ಕೈಯಿಂದಲೇ ಆ ಸಹಿ ಹೊಡೆದು ಹಾಕಿಸಿ, ಪಕ್ಕದಲ್ಲಿ 'ಹೋಗಿದ್ದೆ, ಮುಟ್ಟಿದ್ದೆ' ಎಂದು ಬರೆಸಿದರು. ನಂಜುಂಡಪ್ಪ ಅಂದು ತಮಾಷೆ ಮಾಡಲಿಲ್ಲ. ಅವರ ಮನೆಯಲ್ಲೂ ಎಮ್ಮೆ ಇತ್ತೆಂದೂ, ಈ ಕೆಲಸಕ್ಕೆಂದು ಅದನ್ನು ತಮ್ಮನಿಗೆ ಕೊಟ್ಟುಬಿಟ್ಟಿದ್ದರೆಂದೂ ನನಗೆ ಆಮೇಲೆ ಗೊತ್ತಾಯಿತು.

ಕೆಲಸ ಹೋಗುತ್ತದೆ ಎಂದುಕೊಂಡಿದ್ದೆ. ಮೂರ್ತಿ ಸರ್ ಹೊರಗೆ ಮರದ ಕೆಳಗೆ ನಿಂತು ನಿಧಾನಕ್ಕೆ ಹೇಳಿದರು: "ನಿನ್ನ ಕಡೆ ವೈರಸ್ ಇಲ್ಲ. ನೀನು ತಗೊಂಡೋಗಿರೋ ಸಾಧ್ಯತೆ ಕಡಿಮೆ. ಆದ್ರೆ ಒಂದೇ ವ್ಯಾನು, ಒಂದೇ ಕ್ಯಾಂಟೀನು. ಇಲ್ಲವೇ ಇಲ್ಲ ಅಂತ ನನ್ ಕೈಲಿ ಹೇಳೋಕಾಗಲ್ಲ. ಸ್ಯಾಂಪಲ್ ತರಿಸು, ನೋಡೋಣ." ಇಲಾಖೆಗೂ ಅವರೇ ಫ್ಯಾಕ್ಸ್ ಮಾಡಿ, ಸುತ್ತಲ ಹಳ್ಳಿಗಳಿಗೆ ಮೊದಲು ಲಸಿಕೆ ಹೋಗುವ ಹಾಗೆ ನೋಡಿಕೊಂಡರು. ನನ್ನನ್ನು ಮಾತ್ರ ತಿಂಗಳ ಮಟ್ಟಿಗೆ ಬಾಟಲಿ ತೊಳೆಯುವ ಕಡೆಗೆ ಹಾಕಿದರು. ಆಟೋಕ್ಲೇವಿನ ವಾಸನೆ ಮೂಗಿಗೆ ಹತ್ತಿದ್ದು ಆಗಲೇ.

ದ್ರಾವಣ ಹಾಕಿದ ಸಣ್ಣ ಸೀಸೆಯೊಂದನ್ನು ಮುನಿರಾಜು ಕೈಯಲ್ಲಿ ಕಳಿಸಿದೆ. ಎತ್ತಿನ ನಾಲಿಗೆಯಿಂದ ಕಿತ್ತುಬರುತ್ತಿದ್ದ ಸಿಪ್ಪೆಯನ್ನು ಅತ್ತಿಗೆಯೇ ಬಿಡಿಸಿ, ತುಂಬಿಸಿ ಕೊಟ್ಟಳು. ಯಾಕೆ ಎಂದು ಕೇಳಿ ಕಳಿಸಲಿಲ್ಲ. ಹತ್ತು ದಿನದ ಮೇಲೆ ಫಲಿತಾಂಶ ಬಂತು. ಈ ವೈರಸ್ಸಿನಲ್ಲಿ ಕೆಲವು ಬಗೆಗಳಿವೆ. ಊರಿನಲ್ಲಿದ್ದದ್ದು 'ಓ' ಬಗೆ. ಆ ತಿಂಗಳು ಗೋಡೆಯ ಆ ಕಡೆ ಬೆಳೆಸುತ್ತಿದ್ದದ್ದೂ 'ಓ'. ಹೊಸಕೋಟೆ ಕಡೆಯಿಂದ ಎತ್ತಿನ ಗಾಡಿಗಳ ಜೊತೆ ಬರುತ್ತಿದ್ದದ್ದೂ 'ಓ'. ಕಾಗದ ಮಡಿಸಿ ಕೊಡುತ್ತಾ ಮೂರ್ತಿ ಸರ್, "ಇದಕ್ಕಿಂತ ಹೆಚ್ಚು ಇದು ಹೇಳಲ್ಲ" ಎಂದರು.

ಆ ಸಂಕ್ರಾಂತಿಗೆ ನಮ್ಮೂರಿನಲ್ಲಿ ದನಗಳಿಗೆ ಕಿಚ್ಚು ಹಾಯಿಸಲಿಲ್ಲ. ಎತ್ತುಗಳು ಉಳಿದವು. ಹಸುವಿಗೆ ಅತ್ತಿಗೆ ಅಂಬಲಿ ಕುಡಿಸಿ, ಗೊರಸಿಗೆ ಬೇವಿನೆಣ್ಣೆ ಹಚ್ಚಿ, ತಿಂಗಳುಗಟ್ಟಲೆ ಆರೈಕೆ ಮಾಡಿ ನಿಲ್ಲಿಸಿದಳಂತೆ. ಇದೆಲ್ಲ ನನಗೆ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೇಳಿ ತಿಳಿದದ್ದು. ಅವಳು ತಿಂಗಳಿಗೊಮ್ಮೆ ಬರುತ್ತಿದ್ದಳು. ಪ್ರತಿ ಸಲವೂ ಹೇಳಬೇಕು ಎಂದುಕೊಳ್ಳುತ್ತಿದ್ದೆ. ಪ್ರತಿ ಸಲವೂ ಅವಳ ಬಸ್ಸು ಬಂದುಬಿಡುತ್ತಿತ್ತು. ಕೆಲಸ ಕಳೆದುಕೊಳ್ಳುವ ಭಯವಿದ್ದೂ ಮೂರ್ತಿ ಸರ್‌ಗೆ ಒಂದೇ ದಿನದಲ್ಲಿ ಹೇಳಿದವಳು ಅತ್ತಿಗೆಗೆ ಹೇಳಲು ಆರು ತಿಂಗಳು ತೆಗೆದುಕೊಂಡೆ.

ಮುಂಗಾರು ಹಿಡಿದ ಮೇಲೆ, ಜ್ಯೇಷ್ಠದಲ್ಲಿ, ಒಂದು ಭಾನುವಾರ ಅವಳು ಹಲಸಿನ ತೊಳೆ ತಂದಿದ್ದಳು. ಬೆಂಚಿನ ಆ ತುದಿಯಲ್ಲಿ ಕೂತು ಬೀಜ ಬಿಡಿಸುತ್ತಿದ್ದಾಗ ಹೇಳಿಬಿಟ್ಟೆ. ವ್ಯಾನು, ಚಪ್ಪಲಿ, ಸುಳ್ಳು ಸಹಿ, ತಡವಾದ ಲಸಿಕೆ, 'ಓ' ಬಗೆ, ಎಲ್ಲ. ಕೊನೆಗೆ, "ಕರು ನನ್ನಿಂದ್ಲೇ ಸತ್ತಿರಬೋದು ಅತ್ಗೆ" ಎಂದೆ.

ಅವಳು ಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಮುನಿರಾಜೂನ ಕಳಿಸ್ದಾಗ ನಂಗೇನ್ ಗೊತ್ತಿರ್ಲಿಲ್ವಾ? ಇದೇ ಬೆಂಚಿನ ಮೇಲೆ ನೀನೇ ಹೇಳಿದ್ದಲ್ಲ, ಮುಟ್ಟಬೇಡ ಅಂತ. ನಿಮ್ಮಣ್ಣ ಬೇಡ್ವೇ ಬೇಡ ಅಂದ್ರು. ಅವ್ಳು ಬಂದ್ರೆ ಕೊಟ್ಟಿಗೇಗೆ ರೋಗ ಬರ್ತದೆ, ಅವ್ಳ ಕೆಲ್ಸಾನೂ ಹೋಗ್ತದೆ ಅಂದ್ರು. ಅದಕ್ಕೇ ಅವತ್ತು ನಿನ್ನತ್ರ ಮಾತಾಡ್ಲಿಲ್ಲ. ಕೋಪ ನನ್ ಮೇಲೆ."

"ಮತ್ತೆ ಯಾಕ್ ಕರೆಸ್ದೆ?"

"ಕರೆಸ್ದಿದ್ರೆ ಸಂಜೆ ಒಳಗೆ ಹಸೂನೂ ಹೋಗ್ತಿತ್ತು, ಕರೂನೂ ಹೋಗ್ತಿತ್ತು. ಅದು ಕಣ್ಣೆದ್ರಿಗೇ ಇತ್ತು. ರೋಗ ಬರ್ಬೋದು, ಬರ್ದೇನೂ ಇರ್ಬೋದು. ನಾನು ಕಣ್ಣೆದ್ರಿಗಿರೋದನ್ನ ನೋಡ್ದೆ." ಒಂದು ತೊಳೆ ಕಾಗದದ ಮೇಲಿಟ್ಟು ನನ್ನ ಕಡೆ ಸರಿಸಿದಳು. "ಕರೆಸ್ದೋಳು ನಾನು. ನೀನು ಬಂದೋಳು. ಪೂರ್ತಿ ನಿಂದೇ ಅಂತ ನೀನೊಬ್ಳೇ ಇಟ್ಕೊಂಡು ಕೂತ್ರೆ ಹೆಂಗೆ? ತಿನ್ನು."

ತಿಂದೆ. ಅಳು ಬರಲಿಲ್ಲ. ಆಮೇಲೆ ಬಂದಿರಬೇಕು.

ಬಸ್ಸು ಬಂದು ನಿಂತ ಮೇಲೆ ಅವಳು ಎದ್ದು, ಚೀಲ ಹೆಗಲಿಗೇರಿಸಿಕೊಂಡು, ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟು ತಿರುಗಿದಳು.

"ಹೇಳೋದೇ ಮರ್ತಿದ್ದೆ. ಹಸು ಮತ್ತೆ ಗಬ್ಬ ನಿಂತೈತೆ ಅಂದ್ರು ಡಾಕ್ಟ್ರು. ಮಾಘದ ಹೊತ್ಗೆ ಈಯ್ತದೆ. ಈ ಸಲ ಈಗ್ಲೇ ಹೇಳಿದೀನಿ ನೋಡು. ಐದು ದಿನ ಮುಂಚೆ ರಜ ಹಾಕ್ಕೊಂಡು ರೆಡಿ ಇರು."

ಮರುದಿನ ಮಧ್ಯಾಹ್ನ ರಜೆ ಅರ್ಜಿ ಬರೆದೆ. ಕಾರಣದ ಜಾಗದಲ್ಲಿ, 'ಮನೆಯ ಹಸು ಈಯುವುದಿದೆ. ಐದು ದಿನ ಬೇರೆ ಕಡೆ ಇದ್ದು, ಆಮೇಲೆ ಕೊಟ್ಟಿಗೆಗೆ ಹೋಗಬೇಕು' ಎಂದು ಬರೆದೆ. ಮೂರ್ತಿ ಸರ್ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು.

"ಇದು ಯಾವಾಗಮ್ಮಾ?"

"ಮಾಘದಲ್ಲಿ ಸರ್."

"ಈಗ ಜೂನು. ತಾರೀಖು ಹಾಕಿಲ್ವಲ್ಲ?"

"ಅದನ್ನ ಹಸು ಹೇಳ್ಬೇಕು ಸರ್."

ಅವರು ನಗಲಿಲ್ಲ. ತಾರೀಖಿನ ಜಾಗ ಖಾಲಿ ಬಿಟ್ಟು ಕೆಳಗೆ ಸಹಿ ಹಾಕಿದರು.